ನಮ್ಮ ಸುದ್ದಿಯಲ್ಲಿ ಈಜು ಅಂದರೆ ಸಾವು ಮಾತ್ರವೇ?

ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿ ಹತ್ತು ವರ್ಷವಾಯಿತು. ಈ ಹತ್ತು ವರ್ಷದಲ್ಲಿ ‘ಈಜು’ ಅನ್ನುವ ಪದವನ್ನು ಯಾವ್ಯಾವ ಸುದ್ದಿಯಲ್ಲಿ ಬರೆದಿದ್ದೇನೆ ಅಂತ ಮೊನ್ನೆ ಹಳೆಯ ಮೇಲ್‌ಗಳನ್ನೆಲ್ಲ ತೆಗೆದು ನೋಡಿದೆ. ‘ಈಜಲು ಹೋದ ಬಾಲಕ ನೀರುಪಾಲು.’ ‘ಈಜು ಬಾರದೆ ಯುವಕ ಸಾವು.’ ‘ಕೃಷಿ ಹೊಂಡಕ್ಕೆ ಬಿದ್ದು ಅಣ್ಣ ತಂಗಿ ಸಾವು.’ ಊರು ಬೇರೆ, ಹೆಸರು ಬೇರೆ, ಸುದ್ದಿ ಒಂದೇ. ಕೊನೆಯ ಸಾಲೂ ಒಂದೇ: ‘ಸ್ಥಳೀಯರು ಶವವನ್ನು ಹೊರತೆಗೆದರು. ಪ್ರಕರಣ ದಾಖಲಾಗಿದೆ.’

ಸಾವಿಲ್ಲದ ಈಜಿನ ಸುದ್ದಿ ಒಂದೇ ಒಂದು ಸಿಕ್ಕಿತು. ಅದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಅಲ್ಲಿ ಬಾರದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲಾ ಕೇಂದ್ರದಲ್ಲಿ ಬೆಳಿಗ್ಗೆ ಆರಕ್ಕೆ ಈಜುಕೊಳಕ್ಕೆ ಬರುವ ಒಂದು ಗುಂಪಿದೆ. ಹನ್ನೊಂದು ಜನ. ಹೆಚ್ಚಿನವರು ಐವತ್ತು ದಾಟಿದವರು. ಅದರಲ್ಲಿ ಒಬ್ಬರು ನನಗೆ ಪಾಠ ಹೇಳಿದ ಪಿ.ಟಿ. ಮೇಷ್ಟ್ರು, ಈಗ ನಿವೃತ್ತರು. ಅವರೇ ಫೋನ್ ಮಾಡಿದರು: ‘ಮಾಸ್ಟರ್ಸ್ ಈಜು ಕೂಟಕ್ಕೆ ಹೋಗ್ತಿದೀವಿ. ಟೆಂಪೊ ಟ್ರಾವೆಲರ್‌ನಲ್ಲಿ ಒಂದು ಸೀಟು ಖಾಲಿ ಇದೆ. ಬಾ, ನಮ್ಮದೂ ಒಂದು ಸುದ್ದಿ ಹಾಕು.’ ಹಲವು ಜಿಲ್ಲೆಗಳ ತಂಡಗಳು ಬರುವ ಕೂಟ, ಮೂರು ಗಂಟೆಯ ದಾರಿ. ಮೇಷ್ಟ್ರ ಮಾತು ತೆಗೆದುಹಾಕಲಾಗದೆ ಹೊರಟೆ.

ಮಾಸ್ಟರ್ಸ್ ಅಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ. ದೊಡ್ಡ ದೊಡ್ಡ ಚಾಂಪಿಯನ್‌ಗಳು ಇರಬೇಕು ಅಂದುಕೊಂಡಿದ್ದೆ. ಹಾಗಲ್ಲ. 25 ವರ್ಷ ತುಂಬಿದ ಯಾರು ಬೇಕಾದರೂ ಮಾಸ್ಟರ್ಸ್. ಐದೈದು ವರ್ಷಕ್ಕೆ ಒಂದು ಗುಂಪು: 25ರಿಂದ 29, 30ರಿಂದ 34, ಹೀಗೆ ನೂರು ದಾಟಿದರೂ ಗುಂಪು ಇದ್ದೇ ಇದೆ. ಅರವತ್ತೆರಡು ವರ್ಷದವರು ಇಪ್ಪತ್ತರ ಹುಡುಗನ ಜೊತೆ ಗುದ್ದಾಡಬೇಕಿಲ್ಲ. ತನ್ನ ವಾರಿಗೆಯವರ ಜೊತೆ ಈಜಿದರೆ ಸಾಕು.

ಇದು ಶುರುವಾಗಿದ್ದು ಅಮೆರಿಕದಲ್ಲಿ. ನೌಕಾಪಡೆಯ ವೈದ್ಯ ರ‍್ಯಾನ್ಸಮ್ ಆರ್ಥರ್ ಅನ್ನುವವರು, ವಯಸ್ಸಾದವರಿಗೆ ಬರೀ ‘ವ್ಯಾಯಾಮ ಮಾಡಿ’ ಅಂದರೆ ಮಾಡುವುದಿಲ್ಲ, ಮುಂದೊಂದು ಸ್ಪರ್ಧೆ ಇದೆ ಅಂದರೆ ಮಾಡುತ್ತಾರೆ ಅಂತ ನಂಬಿದ್ದರು. 1970ರಲ್ಲಿ ಟೆಕ್ಸಾಸ್‌ನ ಅಮರಿಲೊ ಎಂಬ ಊರಿನಲ್ಲಿ ಮೊದಲ ಕೂಟ ನಡೆಯಿತು. 1986ರಲ್ಲಿ ಜಪಾನಿನ ಟೋಕಿಯೊದಲ್ಲಿ ವಿಶ್ವ ಮಟ್ಟದ ಕೂಟವೂ ನಡೆಯಿತು. ನಮ್ಮಲ್ಲೂ ಇದು ಹೊಸತೇನಲ್ಲ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಮ್ಮ ಮಂಗಳೂರಿನ ಎಮ್ಮೆಕೆರೆ ಕೊಳದಲ್ಲೇ ಆಯಿತು. ನಮ್ಮ ಹಳ್ಳಿಗಳಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ.

ಟೆಂಪೊದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತವರು 69 ವರ್ಷದ ಒಬ್ಬ ರೈತರು. ತೆಳ್ಳಗಿನ ಮೈ, ಬಿಳಿ ಪಂಚೆ, ಕಾಲ ಬಳಿ ಒಂದು ಕೈಚೀಲ. ಹೆಸರು ಹಾಕಬೇಡ ಅಂದಿದ್ದಾರೆ. ಹಾಗಾಗಿ ಯಜಮಾನ್ರು ಅಂತಲೇ ಬರೆಯುತ್ತೇನೆ. ಸ್ವಲ್ಪ ದೂರ ಹೋದ ಮೇಲೆ ನನ್ನ ಮುಖ ನೋಡಿ ಕೇಳಿದರು: ‘ನೀನು ಆವತ್ತು ನಾಲೆ ಏರಿ ಮೇಲೆ ನಿಂತ್ಕಂಡು ಫೋಟೊ ಹೊಡೀತಿದ್ದೋನಲ್ವಾ?’

ಹೌದು, ನಾನೇ. ಎರಡು ವರ್ಷದ ಹಿಂದೆ ಕಾಲೇಜು ಹುಡುಗನೊಬ್ಬ ನಾಲೆಯಲ್ಲಿ ಮುಳುಗಿದ್ದಾಗ ನೀರಿಗಿಳಿದು ತೂಬಿನ ಬಳಿ ಸಿಕ್ಕಿಕೊಂಡಿದ್ದ ದೇಹವನ್ನು ಎತ್ತಿದವರು ಇವರು. ನಾನು ಏರಿ ಮೇಲೆ ನಿಂತು ಫೋಟೊ ತೆಗೆದಿದ್ದೆ. ಸುದ್ದಿಯಲ್ಲಿ ಇವರನ್ನು ‘ಸ್ಥಳೀಯರು’ ಅಂತ ಬರೆದಿದ್ದೆ.

ಸುತ್ತ ಹತ್ತು ಹಳ್ಳಿಯಲ್ಲಿ ಯಾರಾದರೂ ನೀರಿಗೆ ಬಿದ್ದರೆ ಮೊದಲು ಫೋನ್ ಹೋಗುವುದು ಇವರಿಗೆ. ಅಗ್ನಿಶಾಮಕ ದಳ ದೂರದಿಂದ ಬರುವಷ್ಟರಲ್ಲಿ ಇವರು ನೀರಿನಲ್ಲಿರುತ್ತಾರೆ. ‘ಎಷ್ಟು ಜನರನ್ನ ತೆಗ್ದಿದೀರಿ ಯಜಮಾನ್ರೇ?’ ಅಂತ ಕೇಳಿದೆ. ಕೇಳಬಾರದಿತ್ತು.

‘ಲೆಕ್ಕ ಇಟ್ಟಿಲ್ಲ ಕಣಪ್ಪ. ಇಡಬಾರ್ದು ಅದ್ನ.’ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ ಮತ್ತೆ ಅಂದರು: ‘ಸತ್ತೋರನ್ನ ತೆಗ್ದು ತೆಗ್ದು ಸಾಕಾಗೋಗಿತ್ತು. ಬದುಕಿರೋರ ಜೊತೆ ಒಂದ್ಸಲ ಈಜಾನ ಅಂತ ಬಂದೆ.’

ಇವರನ್ನು ಗುಂಪಿಗೆ ಕರೆತಂದವರು ಮೇಷ್ಟ್ರು. ಅದೂ ಒಂದು ನಾಲೆ ಏರಿಯ ಮೇಲೇ ಆದ ಪರಿಚಯ. ಕೊಳದ ತಿಂಗಳ ಹಣ, ಕನ್ನಡಕ, ಟೋಪಿ, ಸ್ಪರ್ಧೆಯ ಪ್ರವೇಶ ಶುಲ್ಕ ಎಲ್ಲವನ್ನೂ ಗುಂಪಿನವರು ಹಂಚಿಕೊಂಡು ಕಟ್ಟುತ್ತಾರೆ. ದಾನ ಅಂತ ಅಲ್ಲ. ಗುಂಪಿಗೇ ಇವರು ಬೇಕಾಗಿತ್ತು. ಮೇಷ್ಟ್ರು ನಗುತ್ತಾ ಹೇಳಿದರು: ‘ಮೊದಲು ನಮಗೆ ಬೇಕಾಗಿದ್ದು ಅವರ ಈಜಲ್ಲ ಕಣೋ, ಅವರ ವಯಸ್ಸು!’

ಇದು ರಿಲೇ ಲೆಕ್ಕ. ನನಗೆ ಬಹಳ ಹಿಡಿಸಿದ ಲೆಕ್ಕ. ಮಾಸ್ಟರ್ಸ್ ರಿಲೇಯಲ್ಲಿ ನಾಲ್ಕು ಜನರ ವಯಸ್ಸನ್ನು ಕೂಡಿಸುತ್ತಾರೆ. ಕೂಡಿದಾಗ 100ರಿಂದ 119 ಬಂದರೆ ಒಂದು ಗುಂಪು. ಆಮೇಲೆ 120ರಿಂದ 159, 160ರಿಂದ 199, 200ರಿಂದ 239, 240ರಿಂದ 279, ಹೀಗೆ ನಲವತ್ತು ನಲವತ್ತರ ಮೆಟ್ಟಿಲು. ವಯಸ್ಸು ಹಿಡಿಯುವುದು ಆ ವರ್ಷದ ಡಿಸೆಂಬರ್ 31ಕ್ಕೆ.

ನಮ್ಮ ತಂಡದ ಲೆಕ್ಕ ಹೀಗಿತ್ತು. ಮೇಷ್ಟ್ರಿಗೆ 61. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕನಿಗೆ 52. ಟೈಲರಿಂಗ್ ಅಂಗಡಿ ನಡೆಸುವ ಇನ್ನೊಬ್ಬ ಅಕ್ಕನಿಗೆ 58. ಯಜಮಾನ್ರಿಗೆ 69. ಕೂಡಿಸಿ ನೋಡಿ: ಸರಿಯಾಗಿ 240. ಯಜಮಾನ್ರ ಜಾಗದಲ್ಲಿ 45ರ ಗಟ್ಟಿಮುಟ್ಟಾದವರನ್ನು ಹಾಕಿದ್ದರೆ 216 ಆಗುತ್ತಿತ್ತು. ಆಗ ಕೆಳಗಿನ ಮೆಟ್ಟಿಲಿಗೆ ಇಳಿದು ತಮಗಿಂತ ಕಿರಿಯರ ಜೊತೆ ಸ್ಪರ್ಧಿಸಬೇಕು. ಹಿರಿಯರು ಇಲ್ಲದಿದ್ದರೆ ತಂಡಕ್ಕೇ ನಷ್ಟ.

ನಮ್ಮ ಮನೆಗಳಲ್ಲಿ ಅರವತ್ತು ದಾಟಿದವರನ್ನು ಹೇಗೆ ನೋಡುತ್ತೇವೆ ಹೇಳಿ. ‘ನಿಮ್ಗ್ಯಾಕೆ, ಸುಮ್ನೆ ಕೂತ್ಕಳಿ’ ಅನ್ನುತ್ತೇವೆ. ಮದುವೆಗೆ ಹೊರಟರೆ ಕಾರಿನಲ್ಲಿ ಜಾಗ ಇಲ್ಲ ಅನ್ನುತ್ತೇವೆ. ವಯಸ್ಸು ಎಂದರೆ ಕಳೆಯುವ ಲೆಕ್ಕ ಅಂತಲೇ ನಮಗೆ ರೂಢಿ. ಇಲ್ಲಿ ಕೂಡುವ ಲೆಕ್ಕ. ಅಷ್ಟು ವಯಸ್ಸಾಗಿದೆ ಅನ್ನುವ ಕಾರಣಕ್ಕೇ ಒಬ್ಬ ಮನುಷ್ಯ ಬೇಕಾಗುವ ಆಟ ನಾನು ಬೇರೆ ನೋಡಿಲ್ಲ.

ಕೂಟದಲ್ಲಿ ಕಂಡ ಇನ್ನೂ ಕೆಲವು ವಿಷಯ ಹೇಳಬೇಕು. ಮಾಸ್ಟರ್ಸ್ ನಿಯಮದಲ್ಲಿ ಎತ್ತರದ ಕಟ್ಟೆ ಮೇಲಿಂದಲೇ ಹಾರಬೇಕು ಅಂತಿಲ್ಲ. ಕೊಳದ ಅಂಚಿನಿಂದ ಹಾರಬಹುದು. ಅದೂ ಆಗದಿದ್ದರೆ ನೀರಿನಲ್ಲೇ ನಿಂತು ಗೋಡೆಯನ್ನು ಒದ್ದು ಹೊರಡಬಹುದು. ಟೈಲರಿಂಗ್ ಅಕ್ಕನಿಗೆ ಮಂಡಿ ನೋವು. ಡಾಕ್ಟರು ನೀರಿಗಿಳಿಯಿರಿ ಅಂದಮೇಲೆ ಐವತ್ತರ ಹೊತ್ತಿಗೆ ಈಜು ಕಲಿತವರು. ಅವರು ಗೋಡೆ ಒದ್ದೇ ಹೊರಟರು. ಯಾರೂ ನಗಲಿಲ್ಲ. ಫ್ರೀಸ್ಟೈಲ್‌ನಲ್ಲಿ ಹೇಗೆ ಬೇಕಾದರೂ ಈಜಬಹುದು. ಅಂಗಾತ ಮಲಗಿ ಈಜಿದರೂ ಸರಿ, ಕಪ್ಪೆ ಥರ ಈಜಿದರೂ ಸರಿ. ನಮ್ಮ ಯಜಮಾನ್ರು ನಾಲೆಯಲ್ಲಿ ಈಜುವ ಹಾಗೆ ತಲೆಯನ್ನು ನೀರಿನ ಮೇಲೇ ಇಟ್ಟುಕೊಂಡು ಕೈ ಬೀಸಿದರು. ಅದಕ್ಕೂ ನಿಯಮದಲ್ಲಿ ಜಾಗ ಇದೆ.

ಅವರದು ಕೊನೆಯ ಸರದಿ. 50 ಮೀಟರ್. ಉಳಿದ ತಂಡಗಳು ಮುಟ್ಟಿದಾಗ ಇವರು ಕೊಳದ ಅರ್ಧದಲ್ಲಿದ್ದರು. ಸ್ಪರ್ಧೆ ಮುಗಿದವರು ತಮ್ಮ ತಮ್ಮ ಸಾಲಿನಲ್ಲಿ ಹಗ್ಗ ಹಿಡಿದು ಕಾದರು. ನಮ್ಮವರು ಅಂಚಿನಲ್ಲಿ ಬಗ್ಗಿ ‘ಬನ್ನಿ ಯಜಮಾನ್ರೇ, ಬನ್ನಿ’ ಅಂತ ಕೂಗುತ್ತಿದ್ದರು. ನಾನೂ ನೋಟ್‌ಬುಕ್ಕು ಬಿಟ್ಟು ಕೂಗಿದೆ. ಅವರು ಬಂದು ಗೋಡೆ ಮುಟ್ಟಿ, ಮುಖ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: ‘ಎಲ್ರೂ ಬಂದ್ರಾ?’

ನಾಲ್ಕು ತಂಡದಲ್ಲಿ ನಾಲ್ಕನೆಯವರಾದರು. ಪದಕ ಇಲ್ಲ. ಬೇರೆ ಸ್ಪರ್ಧೆಗಳಲ್ಲಿ ಗುಂಪಿನ ಇಬ್ಬರಿಗೆ ಕಂಚು ಬಂತು. ನಾನು ಮುನ್ನೂರು ಪದ ಬರೆದು ಕಳಿಸಿದೆ. ಡೆಸ್ಕಿನಿಂದ ಬಂದ ಪ್ರಶ್ನೆ: ‘ಮೆಡಲ್ ಎಷ್ಟು?’ ಮರುದಿನ ಬಂದದ್ದು ನಾಲ್ಕು ಸಾಲು, ಜಿಲ್ಲೆಗೆ ಎರಡು ಕಂಚು. ಯಜಮಾನ್ರು ಎಲ್ಲೂ ಇಲ್ಲ. ಈ ಸಲ ‘ಸ್ಥಳೀಯರು’ ಅಂತಲೂ ಇಲ್ಲ.

‘ಇದೆಲ್ಲ ಪೇಟೆಯವರ ಶೋಕಿ, ನಮಗ್ಯಾಕೆ?’ ಅಂತ ನೀವು ಕೇಳಬಹುದು. ಅರ್ಧ ಒಪ್ಪುತ್ತೇನೆ. ನಮ್ಮ ರಾಜ್ಯದಲ್ಲಿ ಈಜು ಅಂದರೆ ಬೆಂಗಳೂರು ಅನ್ನುವಂತಾಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಈಜುಗಾರರು ಇಬ್ಬರೇ, ಶ್ರೀಹರಿ ನಟರಾಜ್ ಮತ್ತು 14 ವರ್ಷದ ಧಿನಿಧಿ ದೇಸಿಂಗು. ಇಬ್ಬರೂ ಬೆಂಗಳೂರಿನವರು. ಅವರ ಬಗ್ಗೆ ಹೆಮ್ಮೆ ಇದೆ. ಆದರೆ ಹೊಲದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ದುಡಿಯುವವರಿಗೆ ಮತ್ತೆ ಕೊಳಕ್ಕೆ ಹೋಗಿ ವ್ಯಾಯಾಮ ಮಾಡಿ ಅಂದರೆ ಅದು ತಮಾಷೆಯೇ.

ನಾನು ವ್ಯಾಯಾಮದ ಮಾತು ಆಡುತ್ತಿಲ್ಲ. ನಮ್ಮ ಹಳ್ಳಿಗಳಿಂದ ಕೈತಪ್ಪಿ ಹೋಗುತ್ತಿರುವ ಒಂದು ವಿದ್ಯೆಯ ಮಾತು ಆಡುತ್ತಿದ್ದೇನೆ.

ನಿಮ್ಮ ತಂದೆಗೋ ತಾತನಿಗೋ ಈಜು ಬರುತ್ತಿತ್ತಾ? ಬಹಳ ಮನೆಗಳಲ್ಲಿ ಉತ್ತರ ‘ಹೌದು’. ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಬೆನ್ನಿಗೆ ಒಣಗಿದ ಸೋರೆಬುರುಡೆ, ಇಲ್ಲದಿದ್ದರೆ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ, ಇಲ್ಲವೇ ಬಾಳೆದಿಂಡು. ಮೇಲೆ ಹಗ್ಗ ಹಿಡಿದು ಚಿಕ್ಕಪ್ಪನೋ ಮಾವನೋ ನಿಂತಿರುತ್ತಿದ್ದರು. ವಾರದಲ್ಲಿ ಹುಡುಗ ತೇಲುತ್ತಿದ್ದ. ನಿಮಗೆ ಈಜು ಬರುತ್ತಾ? ನಿಮ್ಮ ಮಕ್ಕಳಿಗೆ? ಇಲ್ಲಿ ಉತ್ತರ ಬದಲಾಗುತ್ತದೆ.

ನಮ್ಮ ಮನೆಯದೇ ಹೇಳುತ್ತೇನೆ. ಅಪ್ಪನಿಗೆ ಚೆನ್ನಾಗಿ ಈಜು ಬರುತ್ತಿತ್ತು. ನಾನು ಕಲಿಯುವ ವಯಸ್ಸಿಗೆ ಬರುವಷ್ಟರಲ್ಲಿ ಬೋರ್‌ವೆಲ್ ಬಂದು ಬಾವಿ ಬತ್ತಿತ್ತು. ಆಮೇಲೆ ಅದಕ್ಕೆ ಕಸ ತುಂಬಿ ಮುಚ್ಚಿದರು. ನಾನು ಈಜು ಕಲಿಯಲೇ ಇಲ್ಲ. ಇಷ್ಟು ವರ್ಷ ನಾಲೆ ಏರಿಯ ಮೇಲೆ ನಿಂತು ಮುಳುಗಿದವರ ಸುದ್ದಿ ಬರೆದವನಿಗೆ ಈಜು ಬರುವುದಿಲ್ಲ. ಆವತ್ತು ಆ ಹುಡುಗ ನನ್ನ ಕಣ್ಣೆದುರೇ ಮುಳುಗಿದ್ದರೂ ನಾನು ಫೋಟೊ ತೆಗೆಯುವುದು ಬಿಟ್ಟು ಬೇರೇನೂ ಮಾಡಲಾಗುತ್ತಿರಲಿಲ್ಲ.

ತೆರೆದ ಬಾವಿ ಹೋಯಿತು, ನೀರು ಮಾತ್ರ ಹೋಗಲಿಲ್ಲ. ನಾಲೆ ಇದೆ, ಕೆರೆ ಇದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲದಲ್ಲೇ ಕೃಷಿ ಹೊಂಡಗಳಾದವು. ರೈತನಿಗೆ ಅದು ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಜಾರುತ್ತದೆ. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಹಗ್ಗ ಇಲ್ಲದಿದ್ದರೆ ಬಿದ್ದ ಮಗು ಮೇಲೆ ಹತ್ತಿ ಬರುವುದು ಕಷ್ಟ. ಸುತ್ತ ನೀರು ಇದ್ದು, ನೀರಿನ ಪರಿಚಯ ಇಲ್ಲದ ಮೊದಲ ತಲೆಮಾರನ್ನು ನಾವು ಬೆಳೆಸುತ್ತಿದ್ದೇವೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಂತೆ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 35 ಸಾವಿರಕ್ಕೂ ಹೆಚ್ಚು. ಶಾಲೆಗೆ ಹೋಗುವ ಮಕ್ಕಳಿಗೆ ಈಜು, ನೀರಿನ ಬಳಿ ಇರಬೇಕಾದ ಎಚ್ಚರ, ಅಪಾಯವಿಲ್ಲದೆ ಕಾಪಾಡುವ ರೀತಿ, ಈ ಮೂರನ್ನೂ ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ಜುಲೈ 25ನ್ನು ಮುಳುಗಿ ಸಾಯುವುದನ್ನು ತಡೆಯುವ ದಿನ ಅಂತ ವಿಶ್ವಸಂಸ್ಥೆ 2021ರಲ್ಲಿ ಘೋಷಿಸಿದೆ. ಆ ದಿನ ನಮ್ಮ ಪತ್ರಿಕೆಗಳಲ್ಲಿ ಒಂದು ಸಾಲೂ ಬರುವುದಿಲ್ಲ. ನಾನೂ ಬರೆದಿಲ್ಲ.

ಮಕ್ಕಳಿಗೆ ಕಲಿಸುವವರು ಯಾರು? ಪ್ರತಿ ಹೋಬಳಿಗೆ ಕೋಚ್ ನೇಮಿಸುವ ಕಾಲ ಬರುವವರೆಗೆ ಕಾದರೆ ಇನ್ನೊಂದು ತಲೆಮಾರು ದಾಟುತ್ತದೆ. ಈಜು ಗೊತ್ತಿರುವವರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ಐವತ್ತು, ಅರವತ್ತು, ಎಪ್ಪತ್ತು ವರ್ಷದವರು. ಜಗಲಿ ಮೇಲೆ ಕೂತು ‘ನಮ್ ಕಾಲ್ದಲ್ಲಿ ಹೊಳೆ ಈ ದಡದಿಂದ ಆ ದಡಕ್ಕೆ ಈಜ್ತಿದ್ವಿ’ ಅಂತ ಹೇಳಿ ಮಕ್ಕಳಿಂದ ನಗಿಸಿಕೊಳ್ಳುವವರು. ಅವರೇ ನಮ್ಮ ಮಾಸ್ಟರ್ಸ್. ಇನ್ನು ಹದಿನೈದು ವರ್ಷ ಕಳೆದರೆ ಕಲಿಸುವವರೂ ಇರುವುದಿಲ್ಲ.

ಅದಕ್ಕೇ ಈ ಕೂಟಗಳು ನಮಗೆ ಬೇಕು ಅಂತ ನಾನು ವಾದಿಸುವುದು. ಸುಮ್ಮನೆ ‘ಬಂದು ಮಕ್ಕಳಿಗೆ ಕಲಿಸಿ’ ಅಂದರೆ ಎರಡು ದಿನ ಬಂದಾರು. ‘ನಮ್ಮ ತಾಲ್ಲೂಕಿನ ತಂಡಕ್ಕೆ ನಿಮ್ಮ ವಯಸ್ಸು ಬೇಕು, ಬನ್ನಿ, ನಾಲ್ಕು ಜನ ಸೇರಿ ಹೋಗೋಣ’ ಅಂದರೆ ಆ ಮಾತೇ ಬೇರೆ. ವಯಸ್ಸಾದವರು ಕೊಳಕ್ಕೆ ಬಂದರೆ ಅವರ ಹಿಂದೆ ಮೊಮ್ಮಕ್ಕಳು ಬರುತ್ತಾರೆ. ಅಜ್ಜಿ ಬಂದರೆ ಸೊಸೆ, ಮೊಮ್ಮಗಳು ಬರುತ್ತಾರೆ. ಬ್ಯಾಂಕಿನ ಅಕ್ಕ ಹೇಳಿದ್ದು ಇದನ್ನೇ: ‘ನಾನು 44ಕ್ಕೆ ಕಲಿತೆ. ಆಮೇಲೆ ನನ್ನ ಇಬ್ಬರು ಹೆಣ್ಣುಮಕ್ಕಳೂ ಕಲಿತರು. ನಾನು ನೀರಿಗೆ ಇಳಿಯದೆ ಅವರನ್ನು ಇಳಿಸೋಕೆ ನನಗೆ ಧೈರ್ಯ ಇರಲಿಲ್ಲ.’

ವಯಸ್ಸಾದ ಮೇಲೆ ಆಗುತ್ತಾ ಅನ್ನುವವರಿಗೆ ಒಂದು ಉದಾಹರಣೆ. ಜಪಾನಿನ ಮಿಯೆಕೊ ನಾಗಾವೊಕಾ ಮಂಡಿ ನೋವಿಗೆಂದು ನೀರಿಗಿಳಿದದ್ದು 80 ದಾಟಿದ ಮೇಲೆ. 2015ರಲ್ಲಿ, 100ನೇ ವಯಸ್ಸಿನಲ್ಲಿ, ಅವರು 1500 ಮೀಟರ್ ಈಜಿ ಮುಗಿಸಿದರು. ಒಂದೂಕಾಲು ಗಂಟೆ ಹಿಡಿಯಿತು. ಅಷ್ಟೂ ದೂರ ಅಂಗಾತ ಮಲಗಿಯೇ ಈಜಿದರು.

ಇನ್ನೊಂದು ಮಾತು ಕೇಳುತ್ತಿರುತ್ತೇವೆ: ಈಜು ಬರುವವನೇ ನೀರಲ್ಲಿ ಸಾಯುವುದು ಅಂತ. ಅದರಲ್ಲೂ ಸತ್ಯವಿದೆ. ಕುಡಿದು ಇಳಿಯುವವರು, ಸೆಲ್ಫಿಗೆ ಇಳಿಯುವವರು, ಪಂಥ ಕಟ್ಟಿ ಹಾರುವವರು ಸಾಯುತ್ತಾರೆ. ಈಜು ಕಲಿತ ಮಾತ್ರಕ್ಕೆ ನಾಲೆ ನಮ್ಮದಾಗುವುದಿಲ್ಲ. ಯಜಮಾನ್ರು ತಮ್ಮ ಮೊಮ್ಮಗನನ್ನು ಇವತ್ತಿಗೂ ನಾಲೆಗೆ ಬಿಡುವುದಿಲ್ಲ. ‘ನಾಲೆ ನೀರು ಮ್ಯಾಲೆ ಒಂದ್ ಥರ, ಒಳಗೆ ಇನ್ನೊಂದ್ ಥರ’ ಅನ್ನುತ್ತಾರೆ. ನೀರನ್ನು ಬಲ್ಲವರಿಗೇ ಅದರ ಭಯವೂ ಗೊತ್ತು. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ, ಹಗ್ಗ ಎಸೆಯಿರಿ, ಪಂಚೆ, ಸೀರೆ, ಬಿದಿರ ಗಳ, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದು ಎಸೆಯಿರಿ ಅನ್ನುವುದು ಅವರ ಮೊದಲ ಪಾಠ. ಕಾಪಾಡಲು ಹೋಗಿ ಈಜು ಬಾರದವರು ಹಾರಿದಾಗಲೇ ಒಂದು ಸಾವು ಮೂರಾಗುವುದು. ಅಂಥ ಸುದ್ದಿಗಳೂ ನನ್ನ ಹಳೆಯ ಮೇಲ್‌ಗಳಲ್ಲಿವೆ.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ್ದು ಹೇಳುತ್ತೇನೆ.

ಕೊಳ ಇರುವ ಊರುಗಳಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಸುತ್ತಲಿನ ಹಳ್ಳಿಯ ಗುಂಪುಗಳಿಗೆ ಕಡಿಮೆ ದರದಲ್ಲಿ ಬಿಡಬೇಕು. ಹೆಂಗಸರಿಗೆ ಬೇರೆ ಸಮಯ, ಹೆಂಗಸರೇ ಕಲಿಸುವವರು ಇರಬೇಕು. ಕೋಟಿಗಟ್ಟಲೆ ಸುರಿದು ಕಟ್ಟಿದ ಕೊಳಕ್ಕೆ ಬೀಗ ಬಿದ್ದಿದ್ದರೆ ನಾವು ಗ್ರಾಮಸಭೆಯಲ್ಲಿ ಕೇಳಬೇಕು, ಅರ್ಜಿ ಕೊಡಬೇಕು. ರಸ್ತೆ, ಚರಂಡಿಗೆ ಕೇಳುವ ಹಾಗೆ ಇದನ್ನೂ ಕೇಳಬೇಕು.

ಊರಿನ ಐದಾರು ಹಿರಿಯರನ್ನು ಸೇರಿಸಿ ಒಂದು ಗುಂಪು ಮಾಡಿ. ಮೊದಲು ಡಾಕ್ಟರ ಬಳಿ ಹೋಗಿ ಬಿ.ಪಿ., ಹೃದಯ ತೋರಿಸಿಕೊಳ್ಳಲಿ. ಅಭ್ಯಾಸ ಕಾವಲು ಇರುವ ಕೊಳದಲ್ಲೇ ಆಗಲಿ, ನಾಲೆಯಲ್ಲಿ ಬೇಡ. ವಯಸ್ಸಿನ ದಾಖಲೆ ಇಟ್ಟುಕೊಳ್ಳಿ. ಸ್ಪರ್ಧೆಗೆ ಹೆಸರು ಕೊಡುವುದು ಹೇಗೆ ಅಂತ ಕರ್ನಾಟಕ ಈಜು ಸಂಸ್ಥೆಯನ್ನೋ ಹತ್ತಿರದ ಕ್ಲಬ್ಬನ್ನೋ ಕೇಳಿ. ಪದಕ ಬಾರದಿದ್ದರೆ ಚಿಂತೆಯಿಲ್ಲ. ಒಂದೇ ಗಾಡಿಯಲ್ಲಿ ಹೋಗಿ, ಬುತ್ತಿ ಹಂಚಿಕೊಂಡು ತಿಂದು, ಒಟ್ಟಿಗೆ ಈಜಿ ಬಂದ ಗುಂಪು ವಾಪಸ್ ಬಂದು ಊರಿನ ಹತ್ತು ಮಕ್ಕಳಿಗೆ ತೇಲುವುದು ಕಲಿಸಿದರೆ ಅದಕ್ಕಿಂತ ದೊಡ್ಡ ಪದಕ ಇನ್ನೇನು ಬೇಕು?

ನಮ್ಮಂಥ ಸುದ್ದಿ ಬರೆಯುವವರಿಗೂ ಒಂದು ಕೆಲಸ ಇದೆ. ಮುಳುಗಿದ ಸುದ್ದಿ ಬರೆದಾಗ ಅಲ್ಲಿ ಬೇಲಿ ಇತ್ತಾ, ಎಚ್ಚರಿಕೆ ಫಲಕ ಇತ್ತಾ, ಆ ಮಕ್ಕಳು ಈಜು ಕಲಿಯಲು ಹತ್ತಿರದಲ್ಲಿ ಎಲ್ಲಿಯಾದರೂ ಅವಕಾಶ ಇತ್ತಾ ಅಂತಲೂ ಬರೆಯಬೇಕು. ‘ಪ್ರಕರಣ ದಾಖಲಾಗಿದೆ’ ಅಂತ ಮುಗಿಸಿದರೆ ನಮ್ಮ ಕೆಲಸ ಮುಗಿಯಲಿಲ್ಲ.

ವಾಪಸ್ ಬರುವಾಗ ಯಜಮಾನ್ರನ್ನು ಕೇಳಿದೆ, ಹೆಸರು ಹಾಕಿದರೆ ಏನಾಗುತ್ತೆ ಅಂತ. ‘ಬ್ಯಾಡ ಕಣಪ್ಪ. ಪೇಪರ್‌ನಾಗೆ ಹೆಸ್ರು ಬಂದ್ರೆ ಪಕ್ಕದ ತಾಲ್ಲೂಕಿಂದ್ಲೂ ಫೋನ್ ಬತ್ತದೆ, ಹೆಣ ತೆಗೀಬನ್ನಿ ಅಂತ. ಈಜು ಕಲ್ಸಿ ಅಂತ ಫೋನ್ ಬಂದ್ರೆ ಹೇಳು, ಬತ್ತೀನಿ.’

ನಾನು ಕಳೆದ ವಾರದಿಂದ ಬೆಳಿಗ್ಗೆ ಆರಕ್ಕೆ ಕೊಳಕ್ಕೆ ಹೋಗುತ್ತಿದ್ದೇನೆ. ಅಂಚು ಹಿಡಿದು ಕಾಲು ಬಡಿಯುವುದು ಬಂದಿದೆ, ಇನ್ನೂ ಕೈ ಬಿಡಲು ಧೈರ್ಯ ಬಂದಿಲ್ಲ. ಡಿಸೆಂಬರ್ 31ಕ್ಕೆ ನನಗೆ 35. ಯಜಮಾನ್ರ ಲೆಕ್ಕ ಕೂಡಿಸಲು ನಾನು ಬಹಳ ಕಿರಿಯ, ಸದ್ಯಕ್ಕೆ ಆ ತಂಡದಲ್ಲಿ ಜಾಗವಿಲ್ಲ ಅಂತ ಮೇಷ್ಟ್ರು ರೇಗಿಸುತ್ತಾರೆ.

ನಿಮ್ಮೂರಲ್ಲಿ ಇಂಥ ‘ಸ್ಥಳೀಯರು’ ಯಾರಿದ್ದಾರೆ? ಇವತ್ತು ಸಂಜೆ ಅವರ ಮನೆ ಕಡೆ ಹೋಗಿ, ಈಜು ಎಲ್ಲಿ ಕಲಿತಿರಿ ಅಂತ ಕೇಳಿ. ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ.